ಪನೀರ್ ತಿನಿಸಿನ ಜೊತೆಗೆ ಅಳತೆಯನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ವರ್ಷಾಂತ್ಯದ ರಜೆಗೆ ಬರುವ ನೆಂಟರಿಗಾಗಿ ಮನೆಯಲ್ಲೇ ಮಾಡಬಹುದಾದ ಚೀಸ್ ತಿನಿಸುಗಳನ್ನು ಕುರಿತು ತಮ್ಮ ಭಾನುವಾರದ ಪುರವಣಿ ಒಂದಿಡೀ ಪುಟ ಮೀಸಲಿಟ್ಟದ್ದು ಸಂತೋಷದ ಸಂಗತಿ. ಆದರೆ ಆ ಪುಟದಲ್ಲಿ ಅಲಂಕಾರಕ್ಕೆ ಸಿಕ್ಕಷ್ಟು ಜಾಗ ಹಾಲಿಗೆ ಸಿಕ್ಕಿರಲಿಲ್ಲ. 'ಒಂದು ಲೀಟರ್ ಹಾಲಿಗೆ ಒಂದು ನಿಂಬೆಹಣ್ಣು ಹಿಂಡಿ, ಒಡೆದ ಮೇಲೆ ಸೋಸಿ, ತುಂಡು ಮಾಡಿ ಕರಿಯಿರಿ' ಎಂಬಲ್ಲಿಗೆ ಪನೀರಿನ ವಿಷಯ ಮುಗಿದುಹೋಗಿತ್ತು. ಯಾವ ಹಾಲು, ಎಷ್ಟು ಬಿಸಿ, ಎಷ್ಟು ರಸ, ಎಷ್ಟು ಹೊತ್ತು ಒತ್ತಬೇಕು ಎಂಬುದೊಂದೂ ಅದರಲ್ಲಿರಲಿಲ್ಲ.

ಅದನ್ನೇ ನಂಬಿ ಡಿಸೆಂಬರ್ 24ರ ಸಂಜೆ ಹನ್ನೆರಡು ಜನ ನೆಂಟರು ಹಜಾರದಲ್ಲಿ ಕುಳಿತಿರುವಾಗ ನಾನು ಬಾಣಲೆಗೆ ಹಾಕಿದ ಪನೀರ್ ತುಂಡುಗಳು ಅರ್ಧ ನಿಮಿಷದಲ್ಲಿ ಚೂರುಚೂರಾಗಿ ಎಣ್ಣೆಯ ತುಂಬ ಹರಡಿಕೊಂಡವು. ಜಾಲರಿ ಸೌಟಿನಲ್ಲಿ ಸೋಸಿ ತೆಗೆದು, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಬುರ್ಜಿ ಎಂದು ಹೆಸರಿಟ್ಟು ಬಡಿಸಿದೆ. ತಮ್ಮನ ಮಗಳು ತಟ್ಟೆ ನೋಡಿ, 'ಅತ್ತೆ, ಇದು ಪನೀರಾ, ಉಪ್ಪಿಟ್ಟಾ?' ಎಂದು ಕೇಳಿದಳು. ತಪ್ಪು ಪುರವಣಿಯದಷ್ಟೇ ಅಲ್ಲ, ಮೊದಲೊಮ್ಮೆ ಮಾಡಿ ನೋಡದೆ ನೆಂಟರ ಮುಂದೆ ಪ್ರಯೋಗಕ್ಕಿಳಿದ ನನ್ನದೂ ಹೌದು. ಆ ಬಳಿಕ ನಾಲ್ಕಾರು ಬಾರಿ ಮಾಡಿ, ಕೆಡಿಸಿ, ತಿದ್ದಿಕೊಂಡದ್ದನ್ನು ಇತರ ಓದುಗರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹಾಲಿನ ಮಾತು. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಫುಲ್ ಕ್ರೀಮ್ ಹಾಲಿನಲ್ಲಿ ಶೇ 6. ದಿನನಿತ್ಯ ಕಾಫಿಗೆ ತರುವ ಟೋನ್ಡ್ ಹಾಲಿನಿಂದಲೂ ಪನೀರ್ ಆಗುತ್ತದೆ, ಆದರೆ ಅದು ಬಿರುಸಾಗಿರುತ್ತದೆ, ಕೈಗೆ ಸಿಗುವುದೂ ಕಡಿಮೆ. ಫುಲ್ ಕ್ರೀಮ್ ಹಾಲು ಅಥವಾ ಎಮ್ಮೆಯ ಹಾಲಾದರೆ ಲೀಟರಿಗೆ ಸುಮಾರು 200 ಗ್ರಾಂ ಮೆತ್ತನೆಯ ಪನೀರ್ ಬರುತ್ತದೆ. ಪೊಟ್ಟಣದ ಮೇಲೆ 'ಹೋಮೊಜಿನೈಸ್ಡ್' ಎಂದಿದ್ದರೆ ಗಡ್ಡೆಗಳು ಸಣ್ಣವೂ ಸೂಕ್ಷ್ಮವೂ ಆಗಿರುವುದರಿಂದ ಸೌಟನ್ನು ಬಹಳ ನಿಧಾನವಾಗಿ ಆಡಿಸಬೇಕು. ತಿಂಗಳುಗಟ್ಟಲೆ ಕೆಡದ ಡಬ್ಬದ ಹಾಲನ್ನು ಮಾತ್ರ ಈ ಕೆಲಸಕ್ಕೆ ತರಬೇಡಿ. ಅತಿಯಾದ ಶಾಖ ಕಂಡಿರುವ ಆ ಹಾಲು ಗಟ್ಟಿಯಾಗಿ ಕೂಡಿಕೊಳ್ಳುವುದಿಲ್ಲ.

ಹಾಲು ಚೆನ್ನಾಗಿ ಉಕ್ಕು ಬಂದ ಮೇಲೆ ಒಲೆ ಆರಿಸಿ ಎರಡು ಮೂರು ನಿಮಿಷ ಬಿಡಬೇಕು. ಕುದಿಯುತ್ತಿರುವಾಗಲೇ ಹುಳಿ ಹಿಂಡಿದರೆ, ಅಥವಾ ಒಡೆದ ಮೇಲೂ ಕುದಿಸುತ್ತ ಹೋದರೆ, ಪನೀರ್ ರಬ್ಬರಿನಂತಾಗುತ್ತದೆ. ನಿಂಬೆಹಣ್ಣಿನ ಲೆಕ್ಕ ಎಂದೂ ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಒಂದರಲ್ಲಿ ಎರಡು ಚಮಚ ರಸವಿದ್ದರೆ ಇನ್ನೊಂದರಲ್ಲಿ ಬೀಜವೇ ಹೆಚ್ಚು. ಒಂದು ಲೀಟರಿಗೆ ಸುಮಾರು 30 ಮಿಲಿ ರಸ, ಇಲ್ಲವೇ 2 ಗ್ರಾಂನಷ್ಟು ಸಿಟ್ರಿಕ್ ಆಮ್ಲ, ಅಂದರೆ ನಮ್ಮ ದಿನಸಿ ಅಂಗಡಿಯ ನಿಂಬೆ ಉಪ್ಪು ಅರ್ಧ ಚಿಕ್ಕ ಚಮಚದಷ್ಟನ್ನು, ಒಂದು ಲೋಟ ಬಿಸಿನೀರಿನಲ್ಲಿ ಕರಗಿಸಿ, ಸ್ವಲ್ಪ ಸ್ವಲ್ಪವಾಗಿ ಹುಯ್ಯಬೇಕು. ಹಾಲೊಡಕು ತಿಳಿಯಾಗಿ, ನಸುಹಸಿರು ಬಣ್ಣಕ್ಕೆ ತಿರುಗಿದ ಕ್ಷಣವೇ ನಿಲ್ಲಿಸಬೇಕು. ಲೋಟದಲ್ಲಿ ಹುಳಿನೀರು ಮಿಕ್ಕಿದ್ದರೆ ಅದು ಮಿಕ್ಕಿಯೇ ಇರಲಿ. ಒಡಕು ಇನ್ನೂ ಹಾಲಿನಂತೆ ಬೆಳ್ಳಗಿದ್ದರೆ ಹುಳಿ ಸಾಲದು ಎಂದು ಅರ್ಥ. ಆ ಸಂಜೆ ನನ್ನ ಪಾತ್ರೆಯಲ್ಲಿದ್ದದ್ದು ಅಂಥದೇ ಬೆಳ್ಳನೆಯ ನೀರು, ಅದನ್ನು ಗಮನಿಸುವ ವ್ಯವಧಾನ ನನಗಿರಲಿಲ್ಲ.

ಇನ್ನು ಒತ್ತುವ ಕೆಲಸ. ತುಂಡುಗಳು ಎಣ್ಣೆಯಲ್ಲಿ ಚದುರಿಹೋಗಲು ಮುಖ್ಯ ಕಾರಣ ಒಳಗೆ ಉಳಿದ ನೀರು. ಹಳೆಯ ಮಲ್ಲು ಪಂಚೆಯ ತುಂಡಿನಲ್ಲಿ ಸೋಸಿ, ನಿಂಬೆಯ ವಾಸನೆ ಹೋಗುವಂತೆ ಒಮ್ಮೆ ತಣ್ಣೀರು ಹಾಯಿಸಿ, ಬಟ್ಟೆಯನ್ನು ಚೌಕವಾಗಿ ಮಡಿಸಿ, ಬೋರಲು ಹಾಕಿದ ತಟ್ಟೆಯ ಮೇಲಿಟ್ಟು, ಅದರ ಮೇಲೆ ನೀರು ತುಂಬಿದ ಮೂರು ಲೀಟರಿನ ಕುಕ್ಕರನ್ನು ಅರ್ಧ ಗಂಟೆ ಕೂರಿಸಿದರೆ ಸಾಕು. ಬಳಿಕ ಆ ಬಿಲ್ಲೆಯನ್ನು ತಣ್ಣೀರಿನಲ್ಲಿ ಮುಳುಗಿಸಿ ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟು ಕತ್ತರಿಸಿದರೆ ಅಂಚು ಒಡೆಯದೆ ಚೌಕಗಳು ಬರುತ್ತವೆ. ಹನ್ನೆರಡು ಜನರಿಗೆ ಎರಡು ಲೀಟರ್ ಹಾಲಿನ ಪನೀರ್ ಧಾರಾಳ: ಹತ್ತು ಗ್ರಾಂನ ನಲವತ್ತು ತುಂಡುಗಳಾಗುತ್ತವೆ.

ಕರಿಯಲೇಬೇಕೆಂಬ ನಿಯಮವೂ ಇಲ್ಲ. ಒಡೆದ ಹಾಲನ್ನು ಸೋಸಿದ ಕೂಡಲೇ, ಒತ್ತುವುದಕ್ಕೆ ಮೊದಲು, ಜಜ್ಜಿದ ಕಾಳುಮೆಣಸು, ಜೀರಿಗೆ, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಮತ್ತು ಉಪ್ಪನ್ನು ಬಿಸಿಯಾಗಿರುವಾಗಲೇ ಕಲಸಿಬಿಟ್ಟರೆ ಮಸಾಲೆ ಒಳಗೆಲ್ಲ ಹಿಡಿಯುತ್ತದೆ. ಈ ಪನೀರನ್ನು ಕತ್ತರಿಸಿ, ಕಾದ ಕಬ್ಬಿಣದ ಕಾವಲಿಯ ಮೇಲೆ ಒಂದು ಚಮಚ ತುಪ್ಪದಲ್ಲಿ ಎರಡು ಬದಿ ಕೆಂಪಗಾಗಿಸಿ, ಒಂದೊಂದಕ್ಕೆ ಕಡ್ಡಿ ಚುಚ್ಚಿ ಕೊಟ್ಟರೆ ಬೇರೆ ಚಟ್ನಿಯೇ ಬೇಡ. ಹುಳಿಯಿಂದ ಒಡೆದ ಪನೀರ್ ಬಿಸಿಗೆ ಕರಗುವುದಿಲ್ಲವಾದ್ದರಿಂದ ಕಾವಲಿಯ ಮೇಲೆ ಆಕಾರ ಉಳಿಸಿಕೊಳ್ಳುತ್ತದೆ. ಪುರವಣಿಯ ಅದೇ ಪುಟದಲ್ಲಿ, ಮನೆಯ ಪನೀರನ್ನು ಬ್ರೆಡ್ಡಿನ ಮೇಲೆ ಹರಡಿ ಓವನ್ನಿನಲ್ಲಿಟ್ಟರೆ 'ಎಳೆ ಎಳೆಯಾಗಿ ಕರಗುತ್ತದೆ' ಎಂದು ಬರೆದದ್ದು ಆದ್ದರಿಂದಲೇ ಸರಿಯಲ್ಲ. ಹಾಗೆ ಎಳೆ ಬರುವುದಕ್ಕೆ ಮೊಜರೆಲ್ಲಾ ಬೇಕು.

ಒಲೆಯ ಮುಂದೆ ನಿಲ್ಲಲು ಬೇಸರವಿರುವವರಿಗೆ ಮೊಸರಿನ ದಾರಿಯಿದೆ. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟರೆ ಶ್ರೀಖಂಡದ ಚಕ್ಕಾ ಆಗುವುದನ್ನು ನಮ್ಮ ಬೆಳಗಾವಿ ಕಡೆಯವರು ಬಲ್ಲರು. ಅದಕ್ಕೇ ಸಕ್ಕರೆಯ ಬದಲು ಉಪ್ಪು ಸೇರಿಸಿದರೆ ಲೆಬನಾನಿನವರು ಲಬ್ನೆ ಎಂದು ಕರೆಯುವ ಮೊಸರಿನ ಚೀಸ್. ಹೊರಗೆ ತೂಗುಹಾಕಿದರೆ ಬೆಳಗಾಗುವುದರೊಳಗೆ ಹುಳಿಯಾಗುತ್ತದೆ, ಆದ್ದರಿಂದ ಸೋಸುವ ಪಾತ್ರೆಯಲ್ಲಿಟ್ಟು ರಾತ್ರಿಯಿಡೀ ಫ್ರಿಜ್ಜಿನಲ್ಲಿಯೇ ನೀರು ಇಳಿಸುವುದು ಕ್ಷೇಮ. ಕೈಗೆ ಎಣ್ಣೆ ಸವರಿಕೊಂಡು ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ಕೆಲವನ್ನು ಹುರಿದ ಎಳ್ಳಿನಲ್ಲಿ, ಕೆಲವನ್ನು ಶೇಂಗಾ ಚಟ್ನಿಪುಡಿಯಲ್ಲಿ ಹೊರಳಿಸಿ, ಸಣ್ಣ ನಿಪ್ಪಟ್ಟಿನ ಮೇಲೆ ಒಂದೊಂದನ್ನು ಒತ್ತಿ ಕೂರಿಸಿದರೆ ತಟ್ಟೆ ಬೇಗ ಖಾಲಿಯಾಗುತ್ತದೆ. ನಿಪ್ಪಟ್ಟು ಮೆತ್ತಗಾಗುವುದರಿಂದ ಬಡಿಸುವ ಹೊತ್ತಿಗಷ್ಟೇ ಕೂರಿಸಬೇಕು.

ಹಾಲನ್ನು ಬೇಕೆಂದೇ ಒಡೆಯುವುದನ್ನು ನಮ್ಮತ್ತೆಯವರು ಇಂದಿಗೂ ಒಪ್ಪುವುದಿಲ್ಲ. ಅಕಸ್ಮಾತ್ತಾಗಿ ಒಡೆದರೆ ಸಕ್ಕರೆ ಹಾಕಿ ಕಾಯಿಸಿ ಮಕ್ಕಳಿಗೆ ಕೊಡುತ್ತಿದ್ದ ಕಾಲದವರು ಅವರು; ನಾನು ನಿಂಬೆ ಹಿಂಡುವಾಗ ಅಡುಗೆಮನೆಯಿಂದ ಎದ್ದು ಹೋಗುತ್ತಾರೆ. ಆದರೆ ಸೋಸಿ ಉಳಿದ ಒಡಕನ್ನು ಚೆಲ್ಲಲು ಬಿಡದವರೂ ಅವರೇ. ಅದರಲ್ಲಿ ಚಪಾತಿ ಹಿಟ್ಟು ಕಲಸಿದರೆ ಚಪಾತಿ ಮೆತ್ತಗಿರುತ್ತದೆ, ಹುಣಸೆಹಣ್ಣು ಕಡಿಮೆ ಮಾಡಿ ಸಾರಿಗೆ ಸೇರಿಸಿದರೂ ಚೆನ್ನ.

ಅಂಗಡಿಯಲ್ಲಿ ಸಿಗುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಪ್ರಕಾರ ಪನೀರಿನಲ್ಲಿ ನೀರಿನ ಅಂಶ ಶೇ 60ನ್ನು ಮೀರಬಾರದು, ಒಣ ಅಂಶದಲ್ಲಿ ಹಾಲಿನ ಕೊಬ್ಬು ಶೇ 50ಕ್ಕಿಂತ ಕಡಿಮೆಯಿರಬಾರದು. ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಬಳಸಿದ ಪದಾರ್ಥವೂ ನೋಡಲು ಪನೀರಿನಂತೆಯೇ ಇರುತ್ತದೆ. ಪೊಟ್ಟಣವಿದ್ದರೆ ಅಚ್ಚಾದದ್ದನ್ನು ಓದಿಯಾದರೂ ತಿಳಿಯಬಹುದು, ಬಿಡಿಯಾಗಿ ತೂಗಿ ಕೊಡುವ ಬಿಲ್ಲೆಯ ಮೇಲೆ ಓದುವುದಕ್ಕೆ ಏನಿರುತ್ತದೆ? ಮನೆಯಲ್ಲಿ ಮಾಡಿದ್ದು ಹಾಲಿನದೇ ಎಂಬ ಖಾತ್ರಿಯಾದರೂ ನಮಗಿರುತ್ತದೆ. ಆದರೆ ಅದು ಹೆಚ್ಚು ದಿನ ಉಳಿಯುವ ವಸ್ತುವಲ್ಲ. ಫ್ರಿಜ್ಜಿನಲ್ಲಿ ನೀರು ಬದಲಿಸುತ್ತ ಇಟ್ಟು ಎರಡು ಮೂರು ದಿನದಲ್ಲಿ ಮುಗಿಸಬೇಕು.

ನಮ್ಮ ಪಕ್ಕದ ಮನೆಯವರು ಮಂಗಳೂರಿನ ಕ್ಯಾಥೊಲಿಕರು. ಪ್ರತಿ ಕ್ರಿಸ್‌ಮಸ್‌ಗೆ ನೆವ್ರಿ, ಕಿಡಿಯೊ, ರೋಸ್ ಕುಕ್ಕೀಸ್‌ಗಳ ಕುಸ್ವಾರ್ ತಟ್ಟೆ ಕಳಿಸುತ್ತಾರೆ. ಬಹುಪಾಲು ಸಿಹಿಯೇ ಇರುವ ಆ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವುದು ಹೇಗೆಂದು ಈ ಸಲ ಹೊಸವರ್ಷದ ದಿನ ಅದರಲ್ಲಿ ಕಾಳುಮೆಣಸಿನ ಪನೀರ್ ತುಂಡುಗಳನ್ನಿಟ್ಟು ಕಳಿಸಿದೆ. ಅಳತೆ ಬರೆದು ಕೊಡಿ ಎಂದು ಆ ಮನೆಯ ಆಂಟಿ ಸಂಜೆಗೇ ಬಂದರು. ಅವರಿಗೆ ಬರೆದುಕೊಟ್ಟದ್ದೇ ಈ ಪತ್ರಕ್ಕೆ ಮೂಲ.

ಮುಂದಿನ ಹಬ್ಬದ ಪುರವಣಿಯಲ್ಲಿ ಇಂಥ ತಿನಿಸನ್ನು ಪ್ರಕಟಿಸುವಾಗ ಹಾಲು ಯಾವುದು, ಹುಳಿ ಎಷ್ಟು, ಭಾರ ಎಷ್ಟು ಹೊತ್ತು ಎಂಬುದನ್ನು ಚಿತ್ರದ ಗಾತ್ರ ಸ್ವಲ್ಪ ಕುಗ್ಗಿಸಿಯಾದರೂ ಸೇರಿಸಬೇಕೆಂದು, ಮತ್ತು ಓದುಗರಿಗೆ ಒಮ್ಮೆ ಮಾಡಿ ನೋಡಲು ಸಮಯ ಸಿಗುವಂತೆ ಹಬ್ಬಕ್ಕೆ ಎರಡು ವಾರ ಮುಂಚೆಯೇ ಆ ಪುಟವನ್ನು ಹೊರತರಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಓರ್ವ ಗೃಹಿಣಿ, ಮೈಸೂರು