ಗೆಳೆಯನಿಗೊಂದು ಪತ್ರ: ಸನಿಕೆ ಬೇಡ, ಪೆನ್ಸಿಲ್ ತಗೊಂಡು ಬಾ

ಚಿತ್ರದುರ್ಗ

ಪ್ರಿಯ ತಿಪ್ಪೇಶ,

ಉತ್ಖನನಕ್ಕೆ ಬರ್ತೀನಿ, ಸನಿಕೆ ತರಲಾ ಅಂತ ಕೇಳಿದ್ದೀಯ. ಬೇಡ ಕಣಪ್ಪ. ನಮ್ಮಂಥ ಊರ ಇತಿಹಾಸ ಬಳಗದವರು ತಾವಾಗೇ ಎಲ್ಲೂ ಒಂದಡಿ ಅಗೆಯೋ ಹಾಗಿಲ್ಲ. ಅನುಮತಿ ಕೊಡೋದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ಅದು ಸಿಗೋದು ಸರ್ಕಾರದ ಇಲಾಖೆಗೋ ವಿಶ್ವವಿದ್ಯಾಲಯಕ್ಕೋ. ಅವರು ಕರೆದಾಗ ಹೋಗಿ ಕೈ ಹಚ್ಚೋದಷ್ಟೇ ನಮ್ಮ ಪಾಲು. ಮಳೆ ಮುಗಿದು ಬಿಸಿಲು ಏರೋದರೊಳಗೆ ಸಾಮಾನ್ಯವಾಗಿ ಈ ಕೆಲಸ ನಡೆಯುತ್ತೆ.

ಅಗೆಯೋದು ಯಾರಿಗಾದರೂ ಬರುತ್ತೆ. ಸಿಕ್ಕಿದ್ದು ಮಣ್ಣಿನ ಯಾವ ಪದರದಿಂದ ಬಂತು ಅಂತ ತಪ್ಪದೆ ಬರೆದಿಡೋದೇ ಕಷ್ಟ. ನಮ್ಮ ಚಂದ್ರವಳ್ಳಿಯನ್ನೇ ನೋಡು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅದನ್ನೂ ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿಯನ್ನೂ ಅಗೆಸಿದರು. ಚಂದ್ರವಳ್ಳಿಯಲ್ಲಿ ರೋಮಿನ ಟೈಬೀರಿಯಸ್ ದೊರೆಯ ಬೆಳ್ಳಿ ನಾಣ್ಯ ಸಿಕ್ಕಿದೆ. ಅವನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಇಂಥ ನಾಣ್ಯ ಅಕ್ಕಸಾಲಿಗನ ತಕ್ಕಡಿಯಲ್ಲಿ ಬರೀ ಬೆಳ್ಳಿ. ಕದಡದ ಪದರವೊಂದರಲ್ಲಿ ಸಿಕ್ಕರೆ, ಆ ಪದರ ಕ್ರಿ.ಶ. 14ಕ್ಕಿಂತ ಹಳೇದಲ್ಲ ಅಂತ ಖಚಿತವಾಗುತ್ತೆ. ಜೊತೆಗಿದ್ದ ಮಡಕೆ ಚೂರುಗಳಿಗೂ ಒಂದು ಕಾಲ ಸಿಗುತ್ತೆ. ಅಂಥದೇ ಚೂರು ಬ್ರಹ್ಮಗಿರಿಯಲ್ಲಿ ಕಂಡರೆ ಅಲ್ಲಿಯ ಮಣ್ಣೂ ಮಾತಾಡೋಕೆ ಶುರುಮಾಡುತ್ತೆ. ಆದರೆ ನಾಣ್ಯ ಹೇಳೋದು ಹಿಂದಿನ ಗಡಿಯನ್ನಷ್ಟೇ. ಎಷ್ಟು ವರ್ಷ ಕೈಯಿಂದ ಕೈಗೆ ಓಡಾಡಿ ಮಣ್ಣು ಸೇರಿತೋ, ಅದನ್ನು ಹೇಳಲ್ಲ.

ಈಗ ಗುಂಡಿಯ ವಿಚಾರ. ಅಗೆಯೋಕೆ ಗುರುತು ಹಾಕೋ ಚೌಕ ಸಾಮಾನ್ಯವಾಗಿ 5 ಮೀಟರಿಗೆ 5 ಮೀಟರ್. ಗೂಟ ಹೊಡೆದು ದಾರ ಕಟ್ಟಿದ ಮೇಲೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿ. ಎರಡೂ ಕಡೆ 7 ಮೀಟರ್ 7 ಸೆಂಟಿಮೀಟರ್ ಬರಬೇಕು. ಬರಲಿಲ್ಲ ಅಂದರೆ ಚೌಕ ಸೊಟ್ಟಗಿದೆ, ಗೂಟ ಕೀಳು. ಸುತ್ತ 50 ಸೆಂಟಿಮೀಟರ್ ಬಿಟ್ಟು ಒಳಗಿನ 4 ಮೀಟರ್ ಚೌಕವನ್ನಷ್ಟೇ ಅಗೆಯೋದು. ಪಕ್ಕದ ಚೌಕದ್ದೂ ಸೇರಿ ನಡುವೆ 1 ಮೀಟರಿನ ಮಣ್ಣಿನ ಗೋಡೆ ಉಳಿಯುತ್ತೆ. ಪದರಗಳನ್ನು ಓದೋದು ಆ ಗೋಡೆಯ ಮೈಮೇಲೆ. ಹಾಗಾಗಿ ಅದರ ಅಂಚಿನಲ್ಲಿ ಕೂತು ಟೀ ಕುಡಿಯಬೇಡ, ಕುಸಿಯುತ್ತೆ. ಆಳ ಅಳೆಯೋದೂ ನೆಲದಿಂದಲ್ಲ, ನೆಲ ಏರುಪೇರು ಇರುತ್ತೆ. ಗೊತ್ತುಮಾಡಿದ ಒಂದು ಗೂಟದಿಂದ ದಾರ ಎಳೆದು, ಗಾರೆಯವರ ರಸಮಟ್ಟ ಇಟ್ಟು, ಅಲ್ಲಿಂದ ಕೆಳಗೆ ತೂಕದ ಗುಂಡು ಬಿಡೋದು.

ಎಡವೋದು ಎಲ್ಲಿ ಗೊತ್ತಾ? ಹಗೇವಿನಲ್ಲಿ. ಹಿಂದಿನವರು ಕಾಳು ತುಂಬೋಕೋ ಕಸ ಹಾಕೋಕೋ ತೋಡಿದ ಗುಂಡಿ ಮೇಲಿನ ಪದರದಿಂದ ಶುರುವಾಗಿ ಕೆಳಗಿನ ಮೂರು ಪದರ ಕೊರೆದುಕೊಂಡು ಹೋಗಿರುತ್ತೆ. ಅದರೊಳಗಿನ ಸಾಮಾನು ಎಷ್ಟೇ ಆಳದಲ್ಲಿರಲಿ, ಸೇರೋದು ಗುಂಡಿ ತೋಡಿದ, ತುಂಬಿದ ಕಾಲಕ್ಕೆ. ಗುರುತಿಸೋದು ಹೀಗೆ: ಕರಣೆಯಿಂದ ನೆಲ ತೆಳ್ಳಗೆ ಕೆರೆದು, ಸಂಜೆಯೋ ಬೆಳಿಗ್ಗೆಯೋ ನೀರು ಚಿಮುಕಿಸಿ ಐದು ನಿಮಿಷ ಬಿಡು. ಗುಂಡಿಯ ಮಣ್ಣು ಹೆಚ್ಚಾಗಿ ಬೂದಿ ಬಣ್ಣಕ್ಕೆ ತಿರುಗಿ, ದುಂಡಗಿನ ಅಂಚು ಕಾಣುತ್ತೆ. ಕರಣೆ ಮೊನೆ ಅಲ್ಲಿ ಸಲೀಸಾಗಿ ಇಳಿಯುತ್ತೆ. ಮೊದಲು ಅದನ್ನೇ ಬೇರೆ ಬುಟ್ಟಿಗೆ ತೆಗೆದು, ಆಮೇಲೆ ಉಳಿದ ಪದರ. ನಮ್ಮ ಎರೆ ನೆಲದ ಕಿತಾಪತಿ ಇನ್ನೊಂದು. ಬೇಸಿಗೆಯಲ್ಲಿ ಬಾಯಿ ಬಿಡುತ್ತೆ, ನಿನ್ನೆ ಮೊನ್ನೆಯ ಬಳೆ ಚೂರು ಬಿರುಕಿನಲ್ಲಿ ಜಾರಿ ಎರಡಡಿ ಕೆಳಗೆ ಹೋಗಿ ಕೂತಿರುತ್ತೆ. ಹೆಗ್ಗಣದ ಬಿಲವೂ ಅದೇ ಕೆಲಸ ಮಾಡುತ್ತೆ. ಒಂದೇ ಒಂದು ಚೂರು ಹಿಡಿದು ಪದರದ ವಯಸ್ಸು ಹೇಳೋರನ್ನ ನಂಬಬೇಡ.

ಹೊಸಬರಿಗೆ ಮೊದಲು ಸಿಗೋದು ಚೂರು ತೊಳೆಯೋ ಕೆಲಸ. ಬೇಜಾರು ಮಾಡ್ಕೋಬೇಡ, ಮಡಕೆ ಕಣ್ಣಿಗೆ ಪರಿಚಯ ಆಗೋದು ಅಲ್ಲೇ. ಮೊದಲು ಒಂದೇ ಚೂರನ್ನು ನೀರಿಗೆ ಹಾಕಿ ನೋಡು. ಸರಿಯಾಗಿ ಬೇಯದ ಮಡಕೆ ಕರಗುತ್ತೆ. ಚಂದ್ರವಳ್ಳಿ, ಬ್ರಹ್ಮಗಿರಿ ಕಡೆ ಕೆಂಗಂದು ಲೇಪದ, ಬಿಳಿ ಗೆರೆ ಎಳೆದ ಚೂರು ಸಿಗುತ್ತೆ. ಅದನ್ನು ಉಜ್ಜಿದೆಯೋ, ಗೆರೆ ಹೋಯಿತು. ಉಳಿದವಕ್ಕೆ ಮೆತ್ತನೆ ಟೂತ್‌ಬ್ರಷ್ ಸಾಕು, ಒಡೆದ ಅಂಚನ್ನೂ ತೊಳೆ, ನೆರಳಲ್ಲಿ ಒಣಗಿಸು. ಒಂದು ಬುಟ್ಟಿಯದು ಮುಗಿಯೋವರೆಗೆ ಇನ್ನೊಂದನ್ನು ಬಿಚ್ಚಬೇಡ. ಚೀಟಿ ಎರಡು, ಒಂದು ಚೀಲದೊಳಗೆ, ಒಂದು ಹೊರಗೆ. ಸ್ಥಳ, ಚೌಕ, ಪದರ, ಆಳ, ತಾರೀಖು, ಎಲ್ಲ ಪೆನ್ಸಿಲ್ಲಿನಲ್ಲಿ. ಜೆಲ್ ಪೆನ್ನಿನ ಶಾಯಿ ತೇವಕ್ಕೆ ಹರಡಿ ಚೀಟಿ ಬೋಳಾಗುತ್ತೆ, ಬೋಳು ಚೀಟಿಯ ಚೀಲ ಬರೀ ಓಡುಬಿಲ್ಲೆ. ಇದ್ದಿಲು ಕಂಡರೆ ಮಾತ್ರ ಕೈ ಮುಟ್ಟಿಸಬೇಡ. ಕರಣೆ ತುದಿಯಿಂದ ಎತ್ತಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತು, ತೊಳೆಯೋ ಮಾತೇ ಇಲ್ಲ. ಕಾಲ ಅಳೆಯೋಕೆ ಪ್ರಯೋಗಾಲಯಕ್ಕೆ ಹೋಗೋದು ಅದೇ.

ಜನರ ಜೊತೆಗಿನ ಕೆಲಸ ಇದಕ್ಕಿಂತ ನಾಜೂಕು. ಅಗೆತ ಅಂದ ಕೂಡಲೇ ಊರಲ್ಲಿ ನಿಧಿ ಅಂತ ಗುಸುಗುಸು. ಮೊದಲ ದಿನವೇ ಹಿರಿಯರನ್ನು ಗುಂಡಿ ಹತ್ತಿರ ಕರೆದು ಮಡಕೆ ಚೂರು, ಮೂಳೆ, ಬೂದಿ ತೋರಿಸಿಬಿಡಬೇಕು. ಮುಚ್ಚಿಟ್ಟಷ್ಟೂ ರಾತ್ರಿ ಹಾರೆ ಹಿಡಿದು ಬರೋರು ಹೆಚ್ಚುತ್ತಾರೆ. ಕಾವಲಿಲ್ಲದ ಜಾಗದ ಫೋಟೋವನ್ನು ಲೊಕೇಶನ್ ಸಮೇತ ಮೊಬೈಲಲ್ಲಿ ಹಂಚಬೇಡ. ಹೊಲದಲ್ಲಿ ಯಾರಿಗಾದರೂ ನಾಣ್ಯ, ಚಿನ್ನ ಸಿಕ್ಕರೆ ಕಾನೂನಿನ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನೋದನ್ನು ಹೆದರಿಸದೆ ಹೇಳು.

ವೀರಗಲ್ಲಿಗೆ ಎಣ್ಣೆ, ಕುಂಕುಮ ಹಚ್ಚೋರ ಜೊತೆ ಜಗಳಕ್ಕೆ ನಿಲ್ಲಬೇಡ. ಪೂಜೆ ಇದೆ ಅಂತಲೇ ಎಷ್ಟೋ ಕಲ್ಲು ಉಳಿದಿವೆ. ಎನಾಮಲ್ ಪೇಂಟು ಬಳಿಯೋಕೆ, ಆಸಿಡ್ ಹಾಕಿ ತೊಳೆಯೋಕೆ ಹೊರಟರೆ ಮಾತ್ರ ತಡೆ. ಅಕ್ಷರ ಸವೆದಿದ್ದರೆ ಸೀಮೆಸುಣ್ಣ ತೀಡಬೇಡ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಓರೆಯಾಗಿ ಹಿಡಿ, ಗೆರೆ ತಾನಾಗೇ ಎದ್ದು ಬರುತ್ತೆ. ಮಕ್ಕಳಿಗೆ ಕೆಳಗಿನಿಂದ ಮೇಲಕ್ಕೆ ಓದಿಸು: ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯೋ ಅಪ್ಸರೆಯರು, ಮೇಲೆ ಲಿಂಗ, ಸೂರ್ಯ, ಚಂದ್ರ.

ಪದರದ ಪಾಠ ಶಾಲೆಯಲ್ಲಿ ಹೇಳೋಕೆ ಒಂದು ಗಾಜಿನ ಮೀನಿನ ತೊಟ್ಟಿ ಸಾಕು. ಕೆಳಗೆ ಕೆಮ್ಮಣ್ಣು, ಮೇಲೆ ಮರಳು, ಅದರ ಮೇಲೆ ಎರೆಮಣ್ಣು, ಒಂದೊಂದೂ ನಾಲ್ಕು ಬೆರಳು ದಪ್ಪ. ಕೆಳಗೆ ಮಡಕೆ ಚೂರು, ನಡುವೆ ಬಳೆ ಚೂರು, ಮೇಲೆ ಸೋಡಾ ಮುಚ್ಚಳ. ಆಮೇಲೆ ಮೇಲಿನಿಂದ ಒಂದು ಗುಂಡಿ ಕೊರೆದು ತಳಕ್ಕೆ ಇನ್ನೊಂದು ಸೋಡಾ ಮುಚ್ಚಳ ಹಾಕಿ ಮುಚ್ಚಿಬಿಡು. ಮುಚ್ಚಳ ಮಡಕೆಗಿಂತ ಹಳೇದಾ ಅಂತ ಆರನೇ ಕ್ಲಾಸಿನವರನ್ನು ಕೇಳು, ಗಲಾಟೆ ನೋಡು.

ಬರುವಾಗ ಎಚ್‌ಬಿ ಪೆನ್ಸಿಲ್ ಎರಡು, ಟೋಪಿ, ಎರಡು ಲೀಟರ್ ನೀರು, ಹಳೇ ಟೂತ್‌ಬ್ರಷ್. ಚಪ್ಪಲಿ ಬೇಡ, ಶೂ ಹಾಕ್ಕೊಂಡು ಬಾ, ಕಲ್ಲಿನ ಸಂದಿಯಲ್ಲಿ ಚೇಳು ಇರ್ತಾವೆ.

ನಿನ್ನ ಗೆಳೆಯ