ಮೊದಲ ಸೀಸನ್ ಮುಗೀತು, ಇವರಿಗೆಲ್ಲ ಥ್ಯಾಂಕ್ಸ್ ಹೇಳ್ಲೇಬೇಕು

ನಿನ್ನೆ ಯೂನಿಫಾರ್ಮ್ ಜಾಕೆಟ್ ವಾಪಸ್ ಕೊಟ್ಟು ಬಂದೆ. ನ್ಯೂಜಿಲೆಂಡ್‌ನ ಕ್ವೀನ್ಸ್‌ಟೌನ್ ಕಡೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಸ್ಕೀ ಇನ್‌ಸ್ಟ್ರಕ್ಟರ್ ಆಗಿ ಕೆಲ್ಸ ಮಾಡ್ದೆ ಅಂತ ಈಗ್ಲೂ ನನಗೇ ನಂಬಿಕೆ ಬರ್ತಿಲ್ಲ, ಇವತ್ತೇ ಬರೀದಿದ್ರೆ ಆಮೇಲೆ ಬರಿಯೋದೇ ಇಲ್ಲ.

ಹೊರಡೋಕೆ ಮುಂಚೆ ಎಷ್ಟೋ ರಾತ್ರಿ ನಿದ್ದೆ ಇರ್ಲಿಲ್ಲ. ಪೇಪರ್ಸ್ ಎಲ್ಲಾ ಮಾಡಿಸಿಕೊಡ್ತೀನಿ ಅಂದ ಏಜೆಂಟ್ ದುಡ್ಡು ಇಸ್ಕೊಂಡು ಫೋನ್ ಎತ್ತೋದೇ ಬಿಟ್ಟ, ಕೊನೆಗೆ ವೀಸಾ ಅರ್ಜಿ ನಾನೇ ಹಾಕ್ದೆ. ಅದಕ್ಕಿಂತ ದೊಡ್ಡ ಭಯ ಮಂಡಿದು. ಬಿದ್ದು ಲಿಗಮೆಂಟ್ ಹೋದ್ರೆ ಗೊತ್ತಿಲ್ಲದ ದೇಶದಲ್ಲಿ ಯಾರು ನೋಡ್ಕೋತಾರೆ, ಬಿಲ್ ಯಾರು ಕಟ್ತಾರೆ? ಆಗ ಅಲ್ಲಿ ಎರಡು ಸೀಸನ್ ಕಲಿಸಿದ್ದ ಅಕ್ಕ ಒಬ್ರು, ನನ್ನ ಮುಖಾನೂ ನೋಡಿದವರಲ್ಲ, ರಾತ್ರಿ ಕೂತು ಎಲ್ಲಾ ಬಿಡಿಸಿ ಹೇಳಿದ್ರು. ಅಪಘಾತದಲ್ಲಿ ಆದ ಗಾಯಕ್ಕೆ ಅಲ್ಲಿ ಎಸಿಸಿ ಅಂತ ಸರ್ಕಾರಿ ವ್ಯವಸ್ಥೆ ಇದೆ, ಹೊರಗಿಂದ ಬಂದವರ ಚಿಕಿತ್ಸೆಗೂ ನೆರವಾಗತ್ತೆ, ಆದ್ರೆ ಜ್ವರ ಕಾಯಿಲೆಗೆ ಆಗಲ್ಲ, ಅದಕ್ಕೆ ಬೇರೆ ಇನ್ಶೂರೆನ್ಸ್ ಮಾಡಿಸ್ಕೋ ಅಂತ. ಅಕ್ಕಾ, ಆ ರಾತ್ರಿ ನಾನು ನೆಮ್ಮದಿಯಾಗಿ ಮಲಗಿದ್ದೆ.

ಇನ್ನು ನನ್ನ ಟ್ರೈನರ್. ಇನ್‌ಸ್ಟ್ರಕ್ಟರ್ ಆಗೋಕೆ ಮಾಡೋ ಮೊದಲ ಹಂತದ ಲೆವೆಲ್ 1 ಟ್ರೈನಿಂಗಲ್ಲಿ ನನ್ನ ಜೊತೆಗಿದ್ದವರೆಲ್ಲ ಚಿಕ್ಕಂದಿನಿಂದ ಹಿಮದಲ್ಲೇ ಬೆಳೆದವರು, ನಾನು ದೊಡ್ಡವಳಾದ್ಮೇಲೆ ಕಲಿತವಳು, ಇವರ ಮುಂದೆ ನಾನ್ಯಾರು ಅಂತ ಅಳು ಬಂದಿತ್ತು. ಅವರು ಹೇಳಿದ್ದು ಇಷ್ಟೇ: "ಬೀಳೋ ಭಯ ನಿನಗೆ ಇನ್ನೂ ನೆನಪಿದೆ, ಕಲಿಯೋರಿಗೆ ಬೇಕಾಗಿರೋದು ಅದೇ. ಮಗು ಅತ್ರೆ ಟೆಕ್ನಿಕ್ ಹೇಳ್ಬೇಡ, ಮೊದಲು ಬೂಟ್ ಬಿಚ್ಚಿ ನೋಡು."

ಎರಡನೇ ವಾರ ಆರು ವರ್ಷದ ಹುಡುಗಿ ಒಬ್ಳು ಮ್ಯಾಜಿಕ್ ಕಾರ್ಪೆಟ್ (ಹೊಸಬರನ್ನ ನಿಲ್ಲಿಸ್ಕೊಂಡು ಇಳಿಜಾರಿನ ಮೇಲಕ್ಕೆ ಒಯ್ಯೋ ಚಲಿಸೋ ಬೆಲ್ಟ್) ಹತ್ರಾನೇ ನಿಂತು ಬಿಕ್ಕಿ ಬಿಕ್ಕಿ ಅಳ್ತಿದ್ಳು. ಮಂಡಿಯೂರಿ ಬಕಲ್ ಬಿಚ್ಚಿದ್ರೆ ಎರಡು ಜೊತೆ ಸಾಕ್ಸ್, ಮೇಲಿಂದ ಪ್ಯಾಂಟಿನ ಅಂಚೂ ಬೂಟ್ ಒಳಗೆ ಸೇರ್ಕೊಂಡು ಮಡಚಿ ಕಣಕಾಲಿಗೆ ಒತ್ತುತಿತ್ತು, ಪಾಪ ಚರ್ಮ ಕೆಂಪಾಗಿತ್ತು. ಒಂದು ಜೊತೆ ತೆಗೆದು ಪ್ಯಾಂಟ್ ಹೊರಗೆ ಎಳೆದು ಮತ್ತೆ ಹಾಕ್ದೆ. ಆಮೇಲೆ ಅವಳ ಮುಂದೆ ನಾನು ಹಿಂದುಹಿಂದಕ್ಕೆ ಜಾರ್ತಾ, "ಪೀಜಾ ತುಂಡಿನ ಹಾಗೆ ಮಾಡು, ಸ್ಕೀ ತುದಿ ಮುಂದೆ ಕೂಡಿಸು, ಹಿಮ್ಮಡಿ ಹೊರಗೆ ತಳ್ಳು" ಅಂತ ಹೇಳ್ತಾನೇ ಕೆಳಗಿನವರೆಗೂ ಬಂದ್ವಿ, ಅವಳು ತಾನಾಗೇ ನಿಂತ್ಳು! ಪುಟ್ಟಿ, ನಿನಗೆ ಇದು ಯಾವತ್ತೂ ಗೊತ್ತಾಗಲ್ಲ, ಆದ್ರೆ ಅವತ್ತಿಂದ ನಾನು ಹೆದರಿಕೊಂಡು ಕೆಲ್ಸಕ್ಕೆ ಹೋಗಿಲ್ಲ.

ರೂಮ್‌ಮೇಟ್ಸ್, ಬಿರುಗಾಳಿಗೆ ಬೆಟ್ಟ ಹತ್ತಿಸೋ ಲಿಫ್ಟ್ ನಿಂತು ಪಾಠ ಇಲ್ಲದ ದಿನ ಸಂಬಳಾನೂ ಇರ್ತಿರ್ಲಿಲ್ಲ, ಬಾಡಿಗೆ ನಿಧಾನವಾಗಿ ಕೊಡು ಅಂದ್ರಲ್ಲ, ಅದನ್ನ ಮರೆಯಲ್ಲ.

ಅಮ್ಮ, ನೀನು ಬೇಡ ಅಂತ ಒಂದ್ಸಲಾನೂ ಅನ್ಲಿಲ್ಲ, ಏರ್‌ಪೋರ್ಟಲ್ಲಿ ನನ್ನ ಮಂಡಿ ಮುಟ್ಟಿ "ಹುಷಾರು" ಅಂದೆ ಅಷ್ಟೇ. ಮಂಡಿ ಚೆನ್ನಾಗಿದೆ ಅಮ್ಮ. ಗುರುವಾರ ಬರ್ತೀನಿ.