ವಾರ್ಷಿಕೋತ್ಸವದ ಕೋಲಾಟದ ಬಗ್ಗೆ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ, ನಮಸ್ಕಾರ.

ಕಳೆದ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಿಮ್ಮಲ್ಲಿ ನಾಲ್ಕು ಜನ ನನ್ನ ಕೊಠಡಿಗೆ ಬಂದಿದ್ದಿರಿ. ಕೋಲಾಟದಲ್ಲಿ ಒಂದು ಮಗು ಪದೇ ಪದೇ ಹೆಜ್ಜೆ ತಪ್ಪುತ್ತಿದೆ, ಅದರಿಂದ ಇಡೀ ಸುತ್ತು ಕೆಡುತ್ತದೆ, ಆ ಮಗುವನ್ನು ಬಿಟ್ಟು ಉಳಿದವರನ್ನು ಆಡಿಸಿ ಎಂದು ಕೇಳಿದಿರಿ. ಸಿಟ್ಟಿನಿಂದ ಕೇಳಲಿಲ್ಲ, ನಿಮ್ಮ ಮಕ್ಕಳು ತಿಂಗಳಿಂದ ಪಟ್ಟ ಶ್ರಮ ಹಾಳಾಗಬಾರದು ಎಂಬ ಕಾಳಜಿಯಿಂದಲೇ ಕೇಳಿದಿರಿ. ನಾನು "ನೋಡೋಣ" ಎಂದು ಕಳಿಸಿಬಿಟ್ಟೆ. ಹಾಗೆ ಅನ್ನಬಾರದಿತ್ತು, ಉತ್ತರ ನನಗೆ ಆಗಲೇ ಗೊತ್ತಿತ್ತು. ಆ ಮಗು ಕೋಲಾಟದಲ್ಲಿ ಇರುತ್ತದೆ. ಯಾಕೆ ಎಂಬುದನ್ನು ಎಲ್ಲರಿಗೂ ಒಟ್ಟಿಗೆ ತಿಳಿಸಲು ಈ ಪತ್ರ ಬರೆದಿದ್ದೇನೆ. ಮಗುವಿನ ತಾಯಿಗೆ ಇದನ್ನು ಓದಿ ಹೇಳಿ, ಅವರು ಒಪ್ಪಿದ ಮೇಲೆಯೇ ನಿಮ್ಮ ಕೈಗೆ ಕೊಡುತ್ತಿದ್ದೇನೆ.

ಆ ಮಗುವಿಗೆ ಕಿವಿ ಬಹಳ ಮಂದ. ಶ್ರವಣ ಯಂತ್ರ ಹಾಕಿಕೊಂಡರೂ ಸ್ಪೀಕರಿನಿಂದ ಬರುವ ಹಾಡು ಬರೀ ಗದ್ದಲವಾಗಿ ಕೇಳುತ್ತದೆ. ಈ ವರ್ಷ ಸಿನಿಮಾ ಹಾಡಿನ ಬದಲು ಕೋಲಾಟ ಯಾಕೆ ಎಂದು ಮಕ್ಕಳು ಕೇಳುತ್ತಿದ್ದರು. ಕಾರಣ ಇದೇ. ಕೋಲಿಗೆ ಕೋಲು ತಾಗಿದ ಪೆಟ್ಟು ಮರದ ಮೂಲಕ ನೇರವಾಗಿ ಅಂಗೈಗೆ ಬರುತ್ತದೆ. ತಾಳವನ್ನು ಕಿವಿಯಿಂದಲೇ ಹಿಡಿಯಬೇಕೆಂದಿಲ್ಲ, ಕೈಯಿಂದಲೂ ಹಿಡಿಯಬಹುದು. ನೃತ್ಯದ ಮೇಡಂ ಸಭಾಂಗಣದ ಸಿಮೆಂಟ್ ನೆಲ ಬಿಟ್ಟು ಮರದ ವೇದಿಕೆಯ ಮೇಲೆ ಅಭ್ಯಾಸ ಮಾಡಿಸುವುದೂ ಅದಕ್ಕೇ. ಇಪ್ಪತ್ತು ಮಕ್ಕಳು ಒಟ್ಟಿಗೆ ಹೆಜ್ಜೆ ಹಾಕಿದರೆ ಹಲಗೆ ನಡುಗುತ್ತದೆ, ಆ ನಡುಕ ಬರಿಗಾಲಿಗೆ ತಿಳಿಯುತ್ತದೆ.

ಹಾಗಿದ್ದರೆ ಹೆಜ್ಜೆ ಎಲ್ಲಿ ತಪ್ಪುತ್ತಿದೆ? ಸೋಮವಾರ ನಾನೇ ಕೂತು ನೋಡಿದೆ. ತಪ್ಪುವುದು ಒಂದೇ ಜಾಗದಲ್ಲಿ. ಸುತ್ತು ಹೊರಮುಖವಾಗಿ ತಿರುಗುತ್ತದಲ್ಲ, ಆಗ ಜೊತೆಯವರು ಯಾರೂ ಕಣ್ಣಿಗೆ ಬೀಳುವುದಿಲ್ಲ, ಕೋಲು ತಾಗಿಸಲೂ ಯಾರಿಲ್ಲ. ಮೇಡಂ ಇದನ್ನು ನನಗಿಂತ ಮೊದಲೇ ಗಮನಿಸಿದ್ದರು. ಈಗ ಆ ತಿರುವಿಗೆ ಎದುರಾಗಿ ಒಬ್ಬ ಹುಡುಗನನ್ನು ತಮಟೆ ಕೊಟ್ಟು ನಿಲ್ಲಿಸಿದ್ದಾರೆ. ಅವನ ಕೈ ಮೇಲೆ ಏಳುವುದನ್ನು ನೋಡಿ ಮಗು ಹೆಜ್ಜೆ ಎತ್ತುತ್ತದೆ. ಮೊದಲು ಪ್ರತಿ ಸಲವೂ ತಪ್ಪುತ್ತಿತ್ತು, ಗುರುವಾರದ ಅಭ್ಯಾಸದಲ್ಲಿ ಒಮ್ಮೆ ತಪ್ಪಿತು. ಕಿವಿ ಚೆನ್ನಾಗಿರುವ ಮಕ್ಕಳೂ ಅಲ್ಲಿ ಹಿಂದೆ ಮುಂದೆ ಆಗುತ್ತಿದ್ದರು. ತಮಟೆ ಬಂದ ಮೇಲೆ ಅವರದೂ ಸರಿಯಾಗಿದೆ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ನನ್ನದೇ ಒಂದು ಕಾರಣವಿದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರೊಂದು ಶಾಲೆಯಲ್ಲಿ, ಪೋಲಿಯೋದಿಂದ ಒಂದು ಕಾಲು ಸೊರಗಿದ್ದ ಹುಡುಗಿ ಡ್ಯಾನ್ಸಿಗೆ ಹೆಸರು ಕೊಟ್ಟಿದ್ದಳು. ನಾನು ಅವಳಿಗೆ ಪರದೆ ಎಳೆಯುವ ಕೆಲಸ ಕೊಟ್ಟೆ. ಅದೂ ಒಂದು ಜವಾಬ್ದಾರಿ ಎಂದು ಪ್ರೀತಿಯಿಂದಲೇ ಹೇಳಿದೆ. ಅವಳು ಪರದೆಯ ಹಗ್ಗ ಹಿಡಿದು ನಿಂತು, ಮೈಯೆಲ್ಲ ಅಲುಗಿಸುತ್ತಾ, ಎಲ್ಲರ ಕೈಮುದ್ರೆಗಳನ್ನೂ ಒಂದು ಕೈಯಲ್ಲಿ ಮಾಡುತ್ತಿದ್ದಳು. ಪೂರ್ತಿ ನೃತ್ಯ ಅವಳಿಗೆ ಬಾಯಿಪಾಠವಾಗಿತ್ತು. ಈಗಲೂ ವಾರ್ಷಿಕೋತ್ಸವದಲ್ಲಿ ಪರದೆ ಸರಿಯುವಾಗ ನನ್ನ ಕಣ್ಣು ಮೊದಲು ಹೋಗುವುದು ಹಗ್ಗ ಹಿಡಿದವರ ಕಡೆಗೆ. ಮತ್ತೊಂದು ಮಗುವಿಗೆ ನಾನು ಹಾಗೆ ಮಾಡುವುದಿಲ್ಲ.

ಇಂಥ ಮಾತು ಬಂದಾಗ ಅನೇಕರು ಸುಧಾ ಚಂದ್ರನ್ ಅವರ ಹೆಸರು ಹೇಳುತ್ತಾರೆ. 1981ರ ಅಪಘಾತದಲ್ಲಿ ಕಾಲು ಕಳೆದುಕೊಂಡು, ಜೈಪುರ ಕಾಲು ಎಂಬ ಕೃತಕ ಕಾಲು ಕಟ್ಟಿಕೊಂಡು, 1984ರಲ್ಲಿ ಮತ್ತೆ ಭರತನಾಟ್ಯದ ವೇದಿಕೆ ಏರಿದ ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ನಮ್ಮ ಮಕ್ಕಳು ಅಷ್ಟು ದೊಡ್ಡ ಸಾಧನೆ ಮಾಡಿ ತೋರಿಸಿದರೆ ಮಾತ್ರ ವೇದಿಕೆ ಎಂದಾಗಬಾರದು. ಕೋಲು ಹಿಡಿದು ಗೆಳೆಯರ ಜೊತೆ ನಾಲ್ಕು ಸುತ್ತು ಹಾಕಲು ಯಾವ ಮಗುವೂ ಪವಾಡ ಮಾಡಬೇಕಾಗಿಲ್ಲ.

ನಮ್ಮ ನೃತ್ಯ ತರಗತಿಯಲ್ಲಿ ಇನ್ನೂ ಕೆಲವು ಬದಲಾವಣೆ ನೋಡುತ್ತೀರಿ. ಆಟಿಸಂ ಇರುವ ಮಗುವಿಗೆ ಸ್ಪೀಕರಿನ ಸದ್ದು ನಿಜವಾಗಿಯೂ ನೋವು ಕೊಡಬಹುದು. ಅದಕ್ಕೇ ಸದ್ದು ತಗ್ಗಿಸಿದ್ದೇವೆ, ಹಾಡು ಹಾಕುವ ಮುಂಚೆ ಕೈ ಎತ್ತಿ ತಿಳಿಸುತ್ತೇವೆ. ಮೊದಲು ಯಾವ ಹೆಜ್ಜೆ, ಆಮೇಲೆ ಯಾವುದು ಎಂದು ಚಿತ್ರ ಬರೆದ ಚೀಟಿಗಳು ಗೋಡೆಯ ಮೇಲಿವೆ. ಮಿಣುಕು ದೀಪಗಳನ್ನು ಈ ವರ್ಷ ಬಾಡಿಗೆಗೆ ತರುವುದಿಲ್ಲ, ಮೂರ್ಛೆ ರೋಗ ಇರುವವರಲ್ಲಿ ಕೆಲವರಿಗೆ ಅಂಥ ಬೆಳಕಿನಿಂದಲೇ ಫಿಟ್ಸ್ ಬರುತ್ತದೆ. ಗಾಲಿಕುರ್ಚಿಯ ಮಗು ಮಂಡಿ ಬಗ್ಗಿಸಿ ನಿಲ್ಲುವ ಅರೆಮಂಡಿ ಮಾಡಲಾರದು, ಆದರೆ ಭರತನಾಟ್ಯದಲ್ಲಿ ಒಂಟಿ ಕೈಯ ಹಸ್ತಮುದ್ರೆಗಳೇ 28 ಇವೆ, ಮೇಲೆ ದೃಷ್ಟಿ, ಕತ್ತು, ಅಭಿನಯ. ಕಲಿಸಲು ವರ್ಷಗಟ್ಟಲೆ ಸಾಕಾಗುವಷ್ಟಿದೆ. ಹಸ್ತಮುದ್ರೆ ಬಂದರೆ ಸನ್ನೆ ಭಾಷೆ ಬಂದಂತೆ ಅಲ್ಲವೇ ಎಂದು ಒಬ್ಬರು ಕೇಳಿದ್ದರು. ಅವೆರಡೂ ಬೇರೆ. ಭಾರತೀಯ ಸನ್ನೆ ಭಾಷೆಗೆ ತನ್ನದೇ ಪದಗಳು, ತನ್ನದೇ ವ್ಯಾಕರಣ ಇದೆ. ಮೇಡಂ ಅದನ್ನು ಪ್ರತ್ಯೇಕವಾಗಿ ಕಲಿಯುತ್ತಿದ್ದಾರೆ.

ಡೌನ್ ಸಿಂಡ್ರೋಮ್ ಇರುವ ಮಕ್ಕಳ ಪೋಷಕರಲ್ಲಿ ಒಂದು ವಿಶೇಷ ವಿನಂತಿ. ಈ ಮಕ್ಕಳಲ್ಲಿ ಕೆಲವರಿಗೆ ಕತ್ತಿನ ಮೇಲ್ಭಾಗದ ಮೂಳೆಗಳ ಹಿಡಿತ ಸಡಿಲವಾಗಿರುತ್ತದೆ. ಡಾಕ್ಟರ್ ಬರೆದುಕೊಡುವವರೆಗೆ ಲಾಗ ಹಾಕುವುದು, ಕತ್ತು ಜೋರಾಗಿ ಎಸೆಯುವುದು ಮಾಡಿಸುವುದಿಲ್ಲ. ಮಗುವಿಗೆ ಬೇಸರವಾದರೂ ಈ ವಿಷಯದಲ್ಲಿ ನಾವು ಸಡಿಲ ಬಿಡುವುದಿಲ್ಲ.

ಇನ್ನು ಮಂಡಕ್ಕಿ ಭಟ್ಟಿಯ ಕೆಲಸ ಮುಗಿಸಿ ಬಂದ ಒಬ್ಬ ತಾಯಿ ಬಾಗಿಲಲ್ಲಿ ನಿಂತು ಕೇಳಿದ ಮಾತು. "ಮೇಡಮ್ಮಾರೆ, ನಮ್ ಹುಡ್ಗಿ ಈ ಟೀಚರ್ ತರಾನೇ ಆಗ್ತೀನಿ ಅಂತ ಹಟ ಹಿಡ್ದಾಳೆ. ಡ್ಯಾನ್ಸ್ ಕಲ್ಸಿದ್ರೆ ಹೊಟ್ಟೆ ತುಂಬುತ್ತೇನ್ರೀ?" ಇದು ಸರಿಯಾದ ಪ್ರಶ್ನೆ. ಬೇರೆ ಮನೆಗಳಲ್ಲೂ ಇದೇ ಪ್ರಶ್ನೆ ಇರಬಹುದೆಂದು ಉತ್ತರವನ್ನು ಇಲ್ಲೇ ಬರೆಯುತ್ತೇನೆ.

ಸುಲಭದ ದಾರಿಯಲ್ಲ. ನೃತ್ಯ ಶಿಕ್ಷಕರ ಕಾಯಂ ಹುದ್ದೆ ಇರುವ ಶಾಲೆಗಳು ಕಡಿಮೆ. ನಮ್ಮ ಮೇಡಂ ಅವರದೇ ಉದಾಹರಣೆ ನೋಡಿ. ಹಳ್ಳಿಯಲ್ಲಿ ಅಜ್ಜಿಯ ಜೊತೆ ಕೋಲಾಟ ಆಡಿ ಬೆಳೆದವರು. ದಾವಣಗೆರೆಗೆ ಬಂದ ಮೇಲೆ ಭರತನಾಟ್ಯ ಕಲಿತು ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ಒಂದೊಂದಾಗಿ ಮುಗಿಸಿದರು. ಕೆಲವು ವರ್ಷ ಮನೆಯಲ್ಲಿ ಸಂಜೆ ತರಗತಿ, ಮದುವೆ ಸೀಸನ್ನಿನಲ್ಲಿ ಮದುಮಕ್ಕಳಿಗೆ ಡ್ಯಾನ್ಸ್ ಹೇಳಿಕೊಡುವುದು, ಹೀಗೆ ನಾಲ್ಕು ಕಡೆಯಿಂದ ಸೇರಿಸಿ ಸಂಸಾರ ನಡೆಸಿದರು. ಆಮೇಲೆ ವಿಶೇಷ ಶಿಕ್ಷಣದಲ್ಲಿ, ಅಂದರೆ ನ್ಯೂನತೆ ಇರುವ ಮಕ್ಕಳಿಗೆ ಕಲಿಸುವ ವಿದ್ಯೆಯಲ್ಲಿ, ಬಿ.ಎಡ್. ಮಾಡಿದರು. ಅವರ ಜೀವನ ತಿರುಗಿದ್ದು ಅಲ್ಲಿ.

ಆದ್ದರಿಂದ ಮಗಳು ನೃತ್ಯ ಎಂದರೆ ಬೇಡ ಎನ್ನಬೇಡಿ, ಜೊತೆಗೆ ಒಂದು ಪದವಿಯೂ ಇರಲಿ ಎನ್ನಿ. ನೃತ್ಯವನ್ನೇ ಪದವಿಯಾಗಿ ಓದಲು ಮೈಸೂರಿನಲ್ಲಿ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ. ವಿಶೇಷ ಶಿಕ್ಷಣದ ಕೋರ್ಸ್ ಸೇರುವಾಗ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಮೊದಲು ವಿಚಾರಿಸಿ. ಅದಿಲ್ಲದ ಕೋರ್ಸಿಗೆ ಹಣ ಕಟ್ಟಿದರೆ ವ್ಯರ್ಥ, ಆ ಪರಿಷತ್ತಿನ ನೋಂದಣಿ ಇಲ್ಲದೆ ವಿಶೇಷ ಶಿಕ್ಷಕರಾಗಿ ಕೆಲಸ ಮಾಡುವಂತಿಲ್ಲ. ಸಾಮಾನ್ಯ ಶಾಲೆಗಳಲ್ಲೂ ವಿಶೇಷ ಶಿಕ್ಷಕರು ಇರಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪ್ರಾಥಮಿಕ ಹಂತದಲ್ಲಿ ನ್ಯೂನತೆ ಇರುವ 10 ಮಕ್ಕಳಿಗೆ ಒಬ್ಬರು, ಮುಂದಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಎಂಬುದು ನಿಗದಿಯಾದ ಪ್ರಮಾಣ. ಕಾಗದದ ಮೇಲಿನ ಲೆಕ್ಕ ತರಗತಿಗೆ ಬರಲು ಸಮಯ ಬೇಕು, ಆದರೆ ಈ ವಿದ್ಯೆ ಬಲ್ಲವರ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಆ ತಾಯಿಯ ಮಗಳ ಬಗ್ಗೆ ನನಗೆ ಭರವಸೆಯಿದೆ. ತಮಟೆಯ ಹುಡುಗ ರಜೆ ಹಾಕಿದ ದಿನ ಯಾರೂ ಹೇಳದೆ ಅವನ ಜಾಗಕ್ಕೆ ಹೋಗಿ ನಿಂತವಳು ಅವಳೇ.

ಕಾನೂನಿನ ಮಾತು ಚುಟುಕಾಗಿ ಹೇಳುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಪಾಠ ಮಾತ್ರವಲ್ಲ, ಆಟ ಮತ್ತು ಮನರಂಜನೆಯಲ್ಲೂ ಈ ಮಕ್ಕಳಿಗೆ ಉಳಿದವರ ಜೊತೆ ಸಮಾನ ಅವಕಾಶ ಕೊಡಬೇಕೆಂದು ಅದರಲ್ಲಿದೆ. ನಿಮ್ಮ ಮಗುವಿನ ಮಾತು, ನಡಿಗೆ, ಕಲಿಕೆಯಲ್ಲಿ ಏನಾದರೂ ಅನುಮಾನವಿದ್ದರೆ ಮುಚ್ಚಿಡಬೇಡಿ. ನಮ್ಮ ಊರಿನಲ್ಲೇ ವಿಕಲಚೇತನರಿಗಾಗಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ (ಸಿ.ಆರ್.ಸಿ.) ಇದೆ. ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದ (ಬಿ.ಆರ್.ಸಿ.) ಸಂಪನ್ಮೂಲ ಶಿಕ್ಷಕರನ್ನು ನಾನೇ ಭೇಟಿ ಮಾಡಿಸುತ್ತೇನೆ. ವಿಕಲಚೇತನರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿನ ಅರ್ಜಿ ತುಂಬಲು ಆಫೀಸಿನಲ್ಲಿ ಸಹಾಯ ಮಾಡುತ್ತಾರೆ.

ಈಗ ನಿಮ್ಮಿಂದ ಬೇಕಾದದ್ದು. ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅಭ್ಯಾಸ ಇರುತ್ತದೆ, ಮಕ್ಕಳಿಗೆ ತಿಂಡಿ, ನೀರಿನ ಬಾಟಲಿ ಕೊಟ್ಟು ಕಳಿಸಿ. ಕೋಲುಗಳನ್ನು ಅಂಗಡಿಯಲ್ಲಿ ಕೊಳ್ಳಬೇಡಿ, ಬಡಗಿಯೊಬ್ಬರಿಂದ ಎಲ್ಲರಿಗೂ ಒಂದೇ ಅಳತೆಯವು ಮಾಡಿಸುತ್ತಿದ್ದೇವೆ. ಪ್ಲಾಸ್ಟಿಕ್ ಕೋಲಿನಲ್ಲಿ ಪೆಟ್ಟು ಕೈಗೆ ಸರಿಯಾಗಿ ತಿಳಿಯುವುದಿಲ್ಲ. ಮಗುವಿಗೆ ಮೂರ್ಛೆ, ಹೃದಯ, ಕತ್ತು, ಬೆನ್ನಿನ ತೊಂದರೆ ಇದ್ದರೆ ಡಾಕ್ಟರ್ ಚೀಟಿಯ ಪ್ರತಿಯನ್ನು ಕ್ಲಾಸ್ ಟೀಚರ್ ಕೈಗೇ ಕೊಡಿ.

ಅಂದು ನನ್ನ ಕೊಠಡಿಗೆ ಬಂದಿದ್ದ ನಾಲ್ವರೂ ಬರುವ ಶನಿವಾರ ಅಭ್ಯಾಸಕ್ಕೇ ಬನ್ನಿ. ವೇದಿಕೆಯ ಬಲಗಡೆ ಬೆಂಚು ಹಾಕಿಸಿರುತ್ತೇನೆ, ತಮಟೆಯ ಹುಡುಗ ನಿಲ್ಲುವುದು ಅಲ್ಲೇ. ಚಪ್ಪಲಿ ಬಿಟ್ಟು ಕಾಲನ್ನು ಹಲಗೆಯ ಮೇಲೆ ಇಟ್ಟು ಕೂತುಕೊಳ್ಳಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ದಾವಣಗೆರೆ